ಮಧ್ಯಾಹ್ನದ ನೀರಿನಲ್ಲಿ ನೋಡಿದ ದೋಣಿ

ಎತ್ತು ಕೊಳ್ಳುವವನು ಹಲ್ಲು ಹಿಡಿದು ನೋಡುತ್ತಾನೆ. ಮನೆ ಕೊಳ್ಳುವವನು ಮಳೆಗಾಲದಲ್ಲಿ ಸೂರು ನೋಡುತ್ತಾನೆ. ಯಾರೋ ಬಳಸಿ ಬಿಟ್ಟ ಮೋಟಾರು ದೋಣಿಯನ್ನು, ಅದೂ ಜನರನ್ನು ಕೂರಿಸಿಕೊಂಡು ಹೋಗಲೆಂದು ಕೊಳ್ಳುವವನು ಏನನ್ನು ನೋಡಬೇಕು? ಹೊನ್ನಾವರದ ಹತ್ತಿರ, ಶರಾವತಿಯ ದಂಡೆಯ ಒಂದು ಮನೆಯಲ್ಲಿ 2023ರ ಮಳೆಗಾಲ ಮುಗಿದ ಮೇಲೆ ಮೂರು ತಿಂಗಳು ನಡೆದದ್ದು ಇದೇ ಚರ್ಚೆ.

ಮನೆಯ ಯಜಮಾನರು ಇಪ್ಪತ್ತೈದು ವರ್ಷ ಮೀನು ಹಿಡಿದ ತಾಂಡೇಲರು. ಮೊಣಕಾಲು ನೋವು ಬಂದ ಮೇಲೆ ರಾತ್ರಿ ಬಲೆ ಎಳೆಯುವುದು ಅವರಿಂದ ಆಗದಾಯಿತು. ಅಷ್ಟರಲ್ಲಿ ಊರಿಗೆ ಪ್ರವಾಸಿಗರು ಬರತೊಡಗಿದ್ದರು. ಕಾಂಡ್ಲಾ ಕಾಡು ತೋರಿಸಿ, ಅಳಿವೆಯ ಹತ್ತಿರದವರೆಗೆ ಒಂದು ಸುತ್ತು ಕರೆದೊಯ್ಯುವ ದೋಣಿಗಳಿಗೆ ಶನಿವಾರ, ಭಾನುವಾರ ಪುರುಸೊತ್ತೇ ಇರುತ್ತಿರಲಿಲ್ಲ. ಒಂದು ಹಳೆಯ ಬೋಟು ಕೊಂಡರೆ ಮನೆಮಂದಿಯೇ ಸೇರಿ ನಡೆಸಬಹುದು ಎಂದು ತೀರ್ಮಾನವಾಯಿತು. ಹೆಂಡತಿಯ ಬಂಗಾರ ಸೊಸೈಟಿಗೆ ಹೋಯಿತು. ಮಗಳು ಆಗ ಎರಡನೇ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಳು. ಮುಂದಿನ ವರ್ಷ ಅವಳ ಎಂಜಿನಿಯರಿಂಗ್ ಕಾಲೇಜಿನ ಶುಲ್ಕವೂ ಈ ದೋಣಿಯಿಂದಲೇ ಹುಟ್ಟಬೇಕಿತ್ತು.

ಎರಡು ದೋಣಿಗಳು ಕಣ್ಣಿಗೆ ಬಿದ್ದವು. ಒಂದು, ಮೀನು ದೋಣಿಯ ಮೇಲೆ ಮಾಳಿಗೆ ಕಟ್ಟಿ, ಬಣ್ಣ ಬಳಿದು ಮಾಡಿದ್ದ ಪ್ರವಾಸಿ ಬೋಟು. ಕೆಳಗೆ ಹದಿನೆಂಟು, ಮೇಲೆ ಹನ್ನೆರಡು, ಒಟ್ಟು ಮೂವತ್ತು ಕುರ್ಚಿ. ಇನ್ನೊಂದು 22 ಅಡಿಯ ಫೈಬರ್ ಬೋಟು, ಹಿಂದೆ ಎರಡು ಔಟ್‌ಬೋರ್ಡ್ ಎಂಜಿನ್. ಕುಳಿತುಕೊಳ್ಳಲು ಹನ್ನೆರಡೇ ಮಂದಿಗೆ ಜಾಗ. ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ತಾಂಡೇಲರ ಲೆಕ್ಕ ಸರಳವಾಗಿತ್ತು. ಅದೇ ದುಡ್ಡಿಗೆ ಮೂವತ್ತು ಟಿಕೆಟು ಸಿಗುವಾಗ ಹನ್ನೆರಡು ಯಾಕೆ?

"ಅಪ್ಪಾ, ತಾನೂರಿನ ದೋಣಿಯೂ ಹೀಗೇ ಇತ್ತು" ಎಂದಳು ಮಗಳು.

2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ, ಹೊಳೆ ಕಡಲು ಸೇರುವ ಜಾಗದ ಹತ್ತಿರ, ಪ್ರವಾಸಿ ದೋಣಿಯೊಂದು ಮಗುಚಿ 22 ಜನ ಸತ್ತಿದ್ದರು. ಅವರಲ್ಲಿ ಮಕ್ಕಳೂ ಇದ್ದರು. ಮೀನು ದೋಣಿಯನ್ನೇ ಮಾರ್ಪಡಿಸಿ ಮಾಡಿದ್ದ ಎರಡಂತಸ್ತಿನ ದೋಣಿ ಅದು, ಹತ್ತಿಸಿಕೊಂಡಿದ್ದ ಜನವೂ ಮಿತಿಗಿಂತ ಹೆಚ್ಚು. ಮೀನು ದೋಣಿಯಲ್ಲಿ ಭಾರವೆಲ್ಲ ಕೆಳಗೆ, ಹೊಟ್ಟೆಯಲ್ಲಿರುತ್ತದೆ. ಬಲೆ, ಮಂಜುಗಡ್ಡೆ, ಮೀನು ಯಾವುದೂ ಎದ್ದು ನಿಲ್ಲುವುದಿಲ್ಲ. ಅದರ ಮೇಲೆ ಮಾಳಿಗೆ ಕಟ್ಟಿ ಜನರನ್ನು ಕೂರಿಸಿದರೆ ಗುರುತ್ವ ಕೇಂದ್ರ ಮೇಲಕ್ಕೇರುತ್ತದೆ. ಅಲೆಗೆ ಓಲಿದ ದೋಣಿ ತಾನಾಗಿ ನೆಟ್ಟಗಾಗುವ ಶಕ್ತಿ ಕಳೆದುಕೊಳ್ಳುತ್ತದೆ. ಮಗಳು ಇದನ್ನು ಲೋಟದಲ್ಲಿ ಪೆನ್ಸಿಲ್ ನಿಲ್ಲಿಸಿ, ಓಲಾಡಿಸಿ ತೋರಿಸಿದಳು. ತಾಂಡೇಲರು ನಕ್ಕರು. "ನೀರು ನೋಡದ ಪೆನ್ಸಿಲ್ಲು ಅದು" ಎಂದರು. ಆದರೆ ರಾತ್ರಿ ಅವರಿಗೆ ನಿದ್ದೆ ಹತ್ತಲಿಲ್ಲ.

ಶರಾವತಿಯ ಮಧ್ಯಾಹ್ನ ಅವರಿಗೆ ಗೊತ್ತಿಲ್ಲದ್ದಲ್ಲ. ಬೆಳಿಗ್ಗೆ ಹೊಳೆ ಕನ್ನಡಿಯಂತೆ ಇರುತ್ತದೆ. ಬಿಸಿಲೇರಿ ನೆಲ ಕಾಯುತ್ತಿದ್ದಂತೆ ಪಡುವಣದಿಂದ ಕಡಲ ಗಾಳಿ ಏಳುತ್ತದೆ. ಅದೇ ಹೊತ್ತಿಗೆ ಇಳಿತವಿದ್ದರೆ ನೀರು ಪಡುವಣಕ್ಕೆ ಓಡುತ್ತಿರುತ್ತದೆ, ಗಾಳಿ ಮೂಡಣಕ್ಕೆ ದೂಡುತ್ತಿರುತ್ತದೆ. ಎದುರುಬದುರಾದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೆ ಒಂದು ಬರುತ್ತವೆ. ಪ್ರವಾಸಿಗರು ಊಟ ಮುಗಿಸಿ ದಕ್ಕೆಗೆ ಬರುವುದೂ ಅದೇ ಹೊತ್ತಿಗೆ.

ಮಾಳಿಗೆ ದೋಣಿಯನ್ನು ನೋಡಲು ಅಪ್ಪ, ಮಗಳು ಹೋದರು. ಬೆಳಿಗ್ಗೆ ಎಂಟಕ್ಕೆ ಮಾರುವವರು ಒಂದು ಸುತ್ತು ಹೊಡೆಸಿದರು. ದೋಣಿ ಹಂಸದಂತೆ ಹೋಯಿತು. "ಮಧ್ಯಾಹ್ನ ಮೂರು ಗಂಟೆಗೆ ಇನ್ನೊಂದು ಸುತ್ತು ಹೋಗುವನಾ? ಮಾಳಿಗೆಗೆ ಹನ್ನೆರಡು ಜನರ ತೂಕದ ಮರಳು ಚೀಲ ಹಾಕಿ" ಎಂದರು ತಾಂಡೇಲರು. ಮಾರುವವರ ಮುಖ ಬದಲಾಯಿತು. ಡೀಸೆಲ್ ಇಲ್ಲ ಎಂದರು, ಆಳು ಇಲ್ಲ ಎಂದರು, ಬೇರೆ ಗಿರಾಕಿ ಕಾಯುತ್ತಿದ್ದಾರೆ ಎಂದರು. ತಾಂಡೇಲರು ಕೈ ಮುಗಿದು ಬಸ್ ಹತ್ತಿದರು. "ನೀರು ಸುಮ್ಮನಿದ್ದಾಗ ಹಲಗೆಯೂ ದೋಣಿಯೇ" ಎಂದಷ್ಟೇ ದಾರಿಯಲ್ಲಿ ಅಂದರು.

ಫೈಬರ್ ಬೋಟಿಗೆ ಅವರು ಹಳೆಯ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದರು. ಊರಿನವರೆಲ್ಲ ಅವರನ್ನು ಮಾವ ಎನ್ನುತ್ತಾರೆ. ಮಾವ ಮೊದಲು ಎಂಜಿನ್ ಮೇಲೆ ಅಂಗೈ ಇಟ್ಟು ನೋಡಿದರು. ಮಾರುವವರು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ, ತಣ್ಣಗಿದ್ದಾಗ ಎಬ್ಬಿಸಲಾರದ ರೋಗ ಗೊತ್ತಾಗುವುದಿಲ್ಲ. ಎಂಜಿನ್ ತಣ್ಣಗಿತ್ತು, ಎರಡನೆಯ ಎಳೆತಕ್ಕೆ ಎದ್ದಿತು. ಪಕ್ಕದ ತೂತಿನಿಂದ ತಂಪು ಮಾಡುವ ನೀರು ಒಂದೇ ಸಮನೆ ಚಿಮ್ಮಿತು. ಗೇರ್ ಆಯಿಲ್ ಇಳಿಸಿ ನೋಡಿದರು. ಅದು ಹಾಲು ಹಾಕಿದ ಚಹಾದಂತಿದ್ದರೆ ಒಳಗೆ ನೀರು ನುಗ್ಗಿದೆ ಎಂದೇ ಅರ್ಥ. ಇಲ್ಲಿ ಹಾಗಿರಲಿಲ್ಲ.

ಆಮೇಲೆ ಐದು ರೂಪಾಯಿ ನಾಣ್ಯ ಹಿಡಿದು ದೋಣಿಯ ಮೈಯನ್ನೆಲ್ಲ ತಟ್ಟುತ್ತ ಹೋದರು. ಗಟ್ಟಿಯಿದ್ದಲ್ಲಿ ಟಣ್ ಎನ್ನುತ್ತದೆ. ಪದರ ಬಿಟ್ಟು ನೀರು ಕುಡಿದಲ್ಲಿ ಡಬ್ ಎನ್ನುತ್ತದೆ. ಹಿಂದುಗಡೆ, ಎಂಜಿನ್ ಕೂರುವ ಹಲಗೆಯ ಮೂಲೆಯಲ್ಲಿ ಡಬ್ ಎಂದಿತು. ಎಂಜಿನ್ ಹಿಡಿದು ಅಲುಗಿಸಿದರೆ ಹಲಗೆಯೂ ಕೂದಲೆಳೆಯಷ್ಟು ಅಲುಗಿತು. ಫೈಬರ್ ಒಳಗಿನ ಪ್ಲೈವುಡ್ ಕೊಳೆತಿತ್ತು. ಮಗಳ ಮುಖ ಸಣ್ಣದಾಯಿತು. ಮಾವ ಮಾತ್ರ ಖುಷಿಯಾಗಿದ್ದರು. "ರೋಗ ಸಿಕ್ಕಿತಲ್ಲ ತಂಗೀ! ಸಿಕ್ಕಿದ ರೋಗಕ್ಕೆ ಮದ್ದುಂಟು. ಸಿಗದ್ದು ಕೊಲ್ಲುವುದು." ರಿಪೇರಿಯ ಖರ್ಚು ಬೆಲೆಯಲ್ಲಿ ಕಡಿಮೆಯಾಯಿತು. ಹೊಸ ಹಲಗೆ ಕೂತ ಮೇಲೆಯೇ ಹಣ ಕೊಡುವುದೆಂದು ಮಾತಾಯಿತು.

ಹಲಗೆ ಕೂತ ಮೇಲೆ ಪರೀಕ್ಷೆಯ ದಿನ ಬಂತು. ಮಗಳೇ ಲೆಕ್ಕ ಹಾಕಿದಳು. ಒಬ್ಬರಿಗೆ 75 ಕಿಲೋ ಹಿಡಿದರೆ ಹನ್ನೆರಡು ಜನಕ್ಕೆ 900 ಕಿಲೋ. ಐವತ್ತು ಕಿಲೋದ ಹದಿನೆಂಟು ಮರಳು ಚೀಲಗಳು. ಅವನ್ನು ತಳದಲ್ಲಲ್ಲ, ಬೆಂಚುಗಳ ಮೇಲೆಯೇ ಇಡಬೇಕೆಂದಳು. ಜನ ತಳದಲ್ಲಿ ಮಲಗುವುದಿಲ್ಲವಲ್ಲ. ಸಮನಾಗಿ ಇಟ್ಟಾಗ ದೋಣಿಯ ಅಂಚು ನೀರಿನಿಂದ 26 ಅಂಗುಲ ಮೇಲಿತ್ತು. ಆಮೇಲೆ ಹದಿನೆಂಟನ್ನೂ ಒಂದೇ ಬದಿಗೆ ಸರಿಸಿದರು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಸರೋವರದಲ್ಲಿ ದಡದ ಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದಾಗ ದೋಣಿ ಮಗುಚಿ 45 ಮಂದಿ ಮುಳುಗಿದ್ದರು. ಅಲ್ಲಿ ಅಲೆಯೂ ಇರಲಿಲ್ಲ. ಇಲ್ಲಿ ದೋಣಿ ವಾಲಿತು, ಅಂಚು 17 ಅಂಗುಲಕ್ಕೆ ಇಳಿಯಿತು, ಅಲ್ಲಿಗೆ ನಿಂತಿತು. ಚೀಲಗಳನ್ನು ಮತ್ತೆ ಸಮನಾಗಿ ಇಟ್ಟರು.

ಮೂರು ಗಂಟೆಗೆ ಹೊರಟರು. ಗಾಳಿ ಎದ್ದಿತ್ತು, ಇಳಿತ ಜೋರಾಗಿತ್ತು. ಆ ದಿನ ತಾಂಡೇಲರು ಒಂದು ಕೆಲಸ ಮಾಡಿದರು. ಈಜು ಬಾರದ ಹೆಂಡತಿಗೆ ಲೈಫ್ ಜಾಕೆಟ್ ತೊಡಿಸಿ ಮುಂದಿನ ಬೆಂಚಿನಲ್ಲಿ ಕೂರಿಸಿದರು. ಚಪ್ಪಟೆ ತಳದ ದೋಣಿ ಇಂಥ ನೀರಿನಲ್ಲಿ ಪ್ರತಿ ಅಲೆಗೂ ದಡ್ ದಡ್ ಎಂದು ಬಡಿಯುತ್ತದೆ. ಇದರ ತಳ ನೇಗಿಲಿನಂತೆ ಚೂಪಾಗಿದ್ದರಿಂದ ಅಲೆಯನ್ನು ಸೀಳಿಕೊಂಡು ಹೋಯಿತು. ನಿಲ್ಲಿಸಿದಾಗ ತೊಟ್ಟಿಲಂತೆ ಸ್ವಲ್ಪ ಹೆಚ್ಚೇ ತೂಗಿತು, ಪೆಟ್ರೋಲೂ ಹೆಚ್ಚು ಕುಡಿಯಿತು. ಒಂದು ಎಂಜಿನ್ ಆರಿಸಿ ಇನ್ನೊಂದರಲ್ಲೇ ತಿರುಗಿ ಬಂದರು. ಅಮ್ಮ ಸೊಂಟದವರೆಗೆ ಒದ್ದೆಯಾಗಿದ್ದರು. "ಹೆದರಿಕೆ ಆಯ್ತಾ?" ಎಂದು ಮಗಳು ಕೇಳಿದಳು. "ಆಯ್ತು. ಆದ್ರೂ ಇನ್ನೊಮ್ಮೆ ಕೂರುವೆ" ಎಂದರು. ತಾಂಡೇಲರಿಗೆ ಬೇಕಾಗಿದ್ದ ಸರ್ಟಿಫಿಕೇಟು ಅದೇ.

ಸರ್ಕಾರದ ಸರ್ಟಿಫಿಕೇಟೂ ಆಮೇಲೆ ಬಂತು. 1917ರ ಹಳೆಯ ಕಾನೂನಿನ ಜಾಗಕ್ಕೆ ಬಂದ 2021ರ ಒಳನಾಡು ನೌಕೆಗಳ ಕಾಯ್ದೆಯ ಪ್ರಕಾರ ಯಂತ್ರದ ದೋಣಿಗೆ ತಪಾಸಣೆ, ನೋಂದಣಿ, ವಿಮೆ ಎಲ್ಲವೂ ಬೇಕು. ಎಷ್ಟು ಜನ ಎಂಬುದನ್ನು ತಪಾಸಣೆ ಮಾಡಿದವರು ಬರೆದುಕೊಡುತ್ತಾರೆ. ಹನ್ನೆರಡು ಎಂದೇ ಬರೆದರು.

ಮಗಳು ಅದನ್ನು ದೋಣಿಯ ಮೈಮೇಲೂ ಬರೆದಳು. ಹದಿನೆಂಟು ಚೀಲ ಸಮನಾಗಿ ಇಟ್ಟಿದ್ದಾಗ ನೀರು ಎಲ್ಲಿಗೆ ಬಂದಿತ್ತೋ ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಟ್ಟಿದ್ದಳು. ಅದರ ಮೇಲೆ ಎರಡೂ ಬದಿಗೆ ಬಿಳಿ ಬಣ್ಣದ ಗೆರೆ ಎಳೆದಳು. ಇಂಗ್ಲೆಂಡಿನ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹಟ ಹಿಡಿದು ಹೋರಾಡಿದ್ದರಿಂದ 1876ರಲ್ಲಿ ಅಲ್ಲಿನ ಹಡಗುಗಳಿಗೆ ಇಂಥದೊಂದು ಗೆರೆ ಕಡ್ಡಾಯವಾಯಿತು. ಅತಿಭಾರ ಹೇರಿದ ಹಡಗುಗಳಲ್ಲಿ ನಾವಿಕರು ಸಾಯುವುದನ್ನು ನೋಡಲಾರದೆ ಆತ ಹೋರಾಡಿದ್ದು. ಇಂದಿಗೂ ಹಡಗುಗಳ ಮೈಮೇಲೆ ಆ ಗುರುತು ಇದೆ.

ಮೊದಲ ಭಾನುವಾರವೇ ಹದಿನೈದು ಜನರ ಗುಂಪು ಬಂತು. "ಮೂರು ಮಕ್ಕಳಲ್ವಾ, ತೊಡೆ ಮೇಲೆ ಕೂರಿಸ್ಕೊಳ್ತೇವೆ" ಎಂದರು. ತಾಂಡೇಲರು ಎರಡು ಸುತ್ತಿನಲ್ಲಿ ಕರೆದೊಯ್ಯುವೆ ಎಂದರು. ಅವರು ಒಪ್ಪದೆ ಬೇರೆ ದೋಣಿ ಹುಡುಕಿಕೊಂಡು ಹೋದರು. ಅಂಥ ಭಾನುವಾರಗಳು ಇನ್ನೂ ಕೆಲವು ಬಂದವು. ಗಾಳಿ ತೀರಾ ಹೆಚ್ಚಿದ ಮಧ್ಯಾಹ್ನಗಳಲ್ಲಿ ದೋಣಿ ದಕ್ಕೆಯಲ್ಲೇ ಉಳಿಯಿತು. 2024ರಲ್ಲಿ ಮಗಳು ಕಾಲೇಜು ಸೇರುವಾಗ ದೋಣಿಯ ದುಡ್ಡು ಸಾಲಲಿಲ್ಲ, ಬ್ಯಾಂಕಿನ ಶಿಕ್ಷಣ ಸಾಲ ಮಾಡಬೇಕಾಯಿತು. ಬಂಗಾರ ಸೊಸೈಟಿಯಿಂದ ಬರಲು ಇನ್ನೊಂದು ವರ್ಷ ಹಿಡಿಯಿತು.

ಮಗಳು ರಜೆಗೆ ಬಂದಾಗಲೆಲ್ಲ ಮೊದಲು ದಕ್ಕೆಗೆ ಹೋಗುತ್ತಾಳೆ. ಉಪ್ಪುನೀರಿಗೆ ಬಣ್ಣ ಮಾಸುತ್ತದೆ, ಗೆರೆಯನ್ನು ಮತ್ತೆ ಎಳೆಯಬೇಕು ಎಂದು ಬ್ರಷ್ ಹಿಡಿದೇ ಹೋಗುತ್ತಾಳೆ. ಅಲ್ಲಿ ನೋಡಿದರೆ ಗೆರೆ ಬೆಳ್ಳಗೆ ಹೊಳೆಯುತ್ತಿರುತ್ತದೆ. ಮೊಣಕಾಲು ನೋವಿನ ತಾಂಡೇಲರು ಇಳಿತದ ಹೊತ್ತಿನಲ್ಲಿ ಕೆಸರಿಗಿಳಿದು, ಆಗಲೇ ಅದಕ್ಕೆ ಹೊಸ ಬಣ್ಣ ಬಳಿದಿರುತ್ತಾರೆ.