ಆದೇಶಸಂಧಿ

ಮೂವತ್ತು ವರ್ಷ ಹುಡುಗರಿಗೆ ಲೋಪಾಗಮಾದೇಶಗಳನ್ನು ಹೇಳಿಕೊಟ್ಟವನ ಸೊಂಟಕ್ಕೇ ಈಗ ಆದೇಶವು ಪ್ರಾಪ್ತವಾಗಿದೆ. ಬಲಗಡೆಯ ಕೀಲಿನ ಮೃದ್ವಸ್ಥಿ ಸವೆದುಹೋಗಿರುವುದರಿಂದ, ತೊಡೆಯೆಲುಬಿನ ತಲೆಯನ್ನು ತೆಗೆದು ಕೃತಕವಾದ ಗುಂಡನ್ನೂ ಬಟ್ಟಲನ್ನೂ ಕೂರಿಸಬೇಕೆಂದು ವೈದ್ಯರು ಹೇಳಿರುವರು. ಇದ್ದುದನ್ನು ತಳ್ಳಿ ಅದರ ಸ್ಥಾನದಲ್ಲಿ ಕುಳಿತು ಅದರ ಕೆಲಸವನ್ನೇ ಮಾಡುವುದು ಆದೇಶದ ಲಕ್ಷಣ. ಆದರೆ ವ್ಯಾಕರಣದ ಆದೇಶವು ಸವೆಯುವುದಿಲ್ಲ. ಅರುವತ್ತರಲ್ಲಿ ಕೂರಿಸಿದ ಕೀಲು ಆಯುಸ್ಸಿರುವಷ್ಟು ಕಾಲ ಬಾಳಬೇಕು. ಎಂಬತ್ತರಲ್ಲಿ ಮತ್ತೆ ಸೊಂಟವನ್ನು ತೆರೆಯಿಸಿಕೊಳ್ಳುವ ಬಲ ಯಾರಿಗಿದೆ? ಆದುದರಿಂದ ಒಪ್ಪಿಗೆಯ ಪತ್ರಕ್ಕೆ ರುಜು ಹಾಕುವ ಮುನ್ನ ಒಂದು ತಿಂಗಳು ಈ ವಿಷಯವನ್ನೇ ಓದಿದೆನು.

ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯರು ಮೊದಲು ಬಟ್ಟಲಿಗೆ ಟೆಫ್ಲಾನನ್ನು ಉಪಯೋಗಿಸಿದರು. ಅದು ಬಹು ನುಣುಪಾದ ವಸ್ತು. ರೋಗಿಗಳು ಸಂತೋಷದಿಂದ ನಡೆದರು. ಕೆಲವೇ ವರ್ಷಗಳಲ್ಲಿ ಕೀಲುಗಳು ಸಡಿಲವಾದುವು. ತೆರೆದು ನೋಡಲು, ಸವೆದ ಪುಡಿಯ ಸುತ್ತ ಮಾಂಸವು ಗಂಟುಕಟ್ಟಿತ್ತು. ಚಾರ್ನ್ಲಿಯವರು ಆ ಪುಡಿಯನ್ನು ತಮ್ಮ ತೊಡೆಯಲ್ಲಿಯೇ ಸೇರಿಸಿಕೊಂಡು ಪರೀಕ್ಷಿಸಿದರಂತೆ! ೧೯೬೨ರಲ್ಲಿ ಅವರು ಪಾಲಿಎಥಿಲೀನಿನ ಬಟ್ಟಲನ್ನು ಹಿಡಿದರು.

ಅದೂ ಸವೆಯತಕ್ಕದ್ದೇ. ಕಣ್ಣಿಗೆ ಕಾಣದ ಅದರ ಕಣಗಳನ್ನು ದೇಹದ ಭಕ್ಷಕಕೋಶಗಳು ನುಂಗುವುವು, ಆದರೆ ಜೀರ್ಣಿಸಿಕೊಳ್ಳಲಾರವು. ಅವು ಹೊರಡಿಸುವ ದ್ರವ್ಯಗಳಿಂದ, ಎಲುಬನ್ನು ಕರಗಿಸುವ ಬೇರೆ ಕೋಶಗಳು ಎಚ್ಚೆತ್ತು ಸುತ್ತಣ ಎಲುಬನ್ನೇ ತಿನ್ನತೊಡಗುವುವು. ಕೀಲು ಮುರಿಯಲಿಲ್ಲ, ಅದು ನಿಂತ ನೆಲವೇ ಹೋಯಿತು.

ಪ್ಲಾಸ್ಟಿಕ್ಕಿನ ಈ ಕಾಟವೇ ಬೇಡವೆಂದು ಲೋಹದ ಗುಂಡಿಗೆ ಲೋಹದ ಬಟ್ಟಲನ್ನೇ ಜೊತೆಮಾಡಿದವರುಂಟು. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಕಾಯಿಸಿದರೆ ಏನಾಗುವುದೆಂಬುದನ್ನು ನಮ್ಮ ಗೃಹಿಣಿಯರು ಬಲ್ಲರು. ಇಲ್ಲಿಯೂ ಲೋಹದ ಮೇಲೊಂದು ರಕ್ಷಣೆಯ ಪೊರೆಯಿದೆ. ಉಜ್ಜಾಟದಿಂದ ಅದು ಹರಿಯುವುದು. ಗುಂಡು ದಂಡಗಳು ಸೇರುವ ಸಂದಿನಲ್ಲಿ ದೇಹದ ಉಪ್ಪುನೀರು ನಿಂತು ಲೋಹವನ್ನು ಮೆಲ್ಲನೆ ತಿನ್ನುವುದು. ಕೋಬಾಲ್ಟ್, ಕ್ರೋಮಿಯಂಗಳು ರಕ್ತಕ್ಕೆ ಬೆರೆಯುವುವು. ಇಂತಹ ಎ.ಎಸ್.ಆರ್. ಎಂಬ ಕೀಲನ್ನು ಡಿಪ್ಯೂ ಕಂಪೆನಿಯವರು ೨೦೧೦ರ ಆಗಸ್ಟಿನಲ್ಲಿ ಹಿಂತೆಗೆದುಕೊಳ್ಳುವ ವೇಳೆಗೆ, ಜಗತ್ತಿನಲ್ಲಿ ಸುಮಾರು ೯೩,೦೦೦ ಕೀಲುಗಳು ದೇಹಗಳನ್ನು ಸೇರಿಯಾಗಿದ್ದುವು. ನಮ್ಮ ದೇಶದಲ್ಲಿಯೂ ಸಾವಿರಾರು. ಅವನ್ನು ಹೊತ್ತವರಲ್ಲಿ ಬಹುಮಂದಿಯ ಗುರುತೇ ಹತ್ತಲಿಲ್ಲವೆಂಬುದು ನನಗೆ ಲೋಹಕ್ಕಿಂತ ಹೆಚ್ಚು ಭಯವನ್ನು ತಂದಿತು. ಹಸುವಿನ ಕಿವಿಗೂ ಸಂಖ್ಯೆ ಕಟ್ಟುವ ಕಾಲವಿದು!

ಆದುದರಿಂದ ವೈದ್ಯರನ್ನು ಮೂರು ಸಲ ಕೇಳಿದೆನು: ಗುಂಡು ಯಾವುದು, ಬಟ್ಟಲು ಯಾವುದು, ಅವುಗಳ ಸಂಖ್ಯೆಯನ್ನು ನನಗೆ ಕೊಡುವಿರಾ? ಗುಂಡು ಪಿಂಗಾಣಿಯ ಜಾತಿಯದು. ಬಟ್ಟಲು ಅಣುಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿಮಾಡಿದ ಪಾಲಿಎಥಿಲೀನಿನದು, ಹಿಂದಿನದಕ್ಕಿಂತ ಬಹಳ ಕಡಮೆ ಸವೆಯುವುದು ಎಂದರು. ಸವೆಯುವುದೇ ಇಲ್ಲವೆಂದು ಅವರು ಹೇಳಲಿಲ್ಲವಾದುದರಿಂದ ನನಗೆ ನಂಬಿಕೆ ಹುಟ್ಟಿತು. ಮುಂದಿನ ತಿಂಗಳು ಶಸ್ತ್ರಕ್ರಿಯೆ. ಸಂಖ್ಯೆಯ ಚೀಟಿಯನ್ನು ಜಮೀನಿನ ಕಾಗದಗಳಿರುವ ತಗಡಿನ ಪೆಟ್ಟಿಗೆಯಲ್ಲಿಡಬೇಕೆಂದು ಮಗನಿಗೆ ಹೇಳಿರುವೆನು.