ಚಾರ್ಮಾಡಿ ಘಾಟಿಯಲ್ಲಿ ಕಾರು ಕುದಿದಾಗ

ಕರಾವಳಿಯವರಾದ ನಮಗೆ ಘಟ್ಟ ಹತ್ತುವುದೆಂದರೆ ಅದೊಂದು ಸಂಭ್ರಮ. ಉಜಿರೆ ದಾಟಿ ಕಕ್ಕಿಂಜೆ, ಚಾರ್ಮಾಡಿ ಬಂತೆಂದರೆ ಮೈಗೆ ಅಂಟಿದ ಬೆವರು ತಾನಾಗಿಯೇ ಆರತೊಡಗುತ್ತದೆ. ಅಲ್ಲಿಂದ ಕೊಟ್ಟಿಗೆಹಾರದವರೆಗೆ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿದ ಅಂಕುಡೊಂಕಿನ ರಸ್ತೆ. ಒಂದು ಬದಿಯಲ್ಲಿ ನೀರು ಜಿನುಗುವ ಬಂಡೆ, ಇನ್ನೊಂದು ಬದಿಯಲ್ಲಿ ತಳ ಕಾಣದ ಕಣಿವೆ. ಕೆಳಗಿನ ಇಳಿಜಾರಿಗೆ ಬಿದ್ದ ಮಳೆ ಮೃತ್ಯುಂಜಯ ಹೊಳೆಯಾಗಿ ನೇತ್ರಾವತಿಯನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಮೇಲೆ ಜಾವಳಿಯ ಕಡೆ ಬಿದ್ದದ್ದು ಹೇಮಾವತಿಯಾಗಿ, ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೊರಟುಬಿಡುತ್ತದೆ. 2019ರ ಆಗಸ್ಟ್‌ನ ಮಳೆಗೆ ಇದೇ ಘಾಟಿಯಲ್ಲಿ ಗುಡ್ಡಗಳು ಜರಿದು ರಸ್ತೆ ಮುಚ್ಚಿಹೋಗಿತ್ತು. ಆ ಗಾಯದ ಗುರುತುಗಳು ಇಂದಿಗೂ ಅಲ್ಲಲ್ಲಿ ಕಾಣುತ್ತವೆ.

ಮೂಡಿಗೆರೆಯಲ್ಲಿ ನನ್ನ ಅಕ್ಕನ ಮನೆ. 2022ರ ಅಕ್ಟೋಬರ್ ರಜೆಯಲ್ಲಿ ಅಲ್ಲಿಗೆ ಹೊರಟವರು ನಾಲ್ವರು: ನಾನು, ನನ್ನ ತಾಯಿ, ಒಂಬತ್ತನೇ ತರಗತಿಯ ಮಗಳು ಮತ್ತು ಆರು ವರ್ಷದ ಮಗ. ಪತಿ ದಮ್ಮಾಮಿನಲ್ಲಿ. ಕಾರು ನಡೆಸುವವಳು ನಾನೇ. ಹಳೆಯ ಸಣ್ಣ ಕಾರು ಅದು, ಹತ್ತು ವರ್ಷ ದಾಟಿತ್ತು. ಹೊರಡುವ ಮುನ್ನ ನಮ್ಮೂರಿನ ಗ್ಯಾರೇಜಿಗೆ ಒಯ್ದಿದ್ದೆ. ನೀರು ಕಡಿಮೆಯಿದೆ ಎಂದು ಒಂದಿಷ್ಟು ನೀರು ಹೊಯ್ದು, “ಏನೂ ತೊಂದರೆ ಇಲ್ಲ ಟೀಚರ್, ಧೈರ್ಯವಾಗಿ ಹೋಗಿ” ಎಂದರು. ಆ ನೀರು ಎಲ್ಲಿ ಹೋಯಿತು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಚ್ಚಿದ ಡಬ್ಬಿಯಲ್ಲಿರುವ ನೀರು ಸುಮ್ಮಸುಮ್ಮನೆ ಕಡಿಮೆಯಾಗುತ್ತದೆಯೇ? ಮಕ್ಕಳಿಗೆ ಲೆಕ್ಕ ಕಲಿಸುವ ನನಗೆ ಈ ಲೆಕ್ಕ ಹೊಳೆಯಬೇಕಿತ್ತು.

ಕಕ್ಕಿಂಜೆಯಲ್ಲಿ ಚಹಾ ಕುಡಿಯಲು ನಿಂತಾಗ ಮಗಳು ಕಾರಿನಡಿ ಬಗ್ಗಿ ನೋಡಿ, “ಉಮ್ಮಾ, ಕೆಳಗೆ ಹಸಿರು ನೀರು” ಎಂದಳು. ಎ.ಸಿ.ಯ ನೀರಿರಬೇಕು ಎಂದು ನಾನು ಗದರಿಸಿ ಕೂರಿಸಿದೆ. ಎ.ಸಿ.ಯಿಂದ ತೊಟ್ಟಿಕ್ಕುವುದು ಬಣ್ಣವಿಲ್ಲದ ಶುದ್ಧ ನೀರು. ಹಸಿರೋ ಕೆಂಪೋ ಬಣ್ಣವಿದ್ದು, ಬೆರಳಿಗೆ ಜಾರುವಂತಿದ್ದರೆ ಅದು ಕೂಲೆಂಟ್. ಈ ವ್ಯತ್ಯಾಸ ನನಗೆ ತಿಳಿದದ್ದು ಮರುದಿನ.

ಘಾಟಿಯ ಅರ್ಧ ಕಳೆದಿತ್ತು. ಮುಂದೆ ತುಂಬಿದ ಲಾರಿಯೊಂದು ಆಮೆಯಂತೆ ಏರುತ್ತಿತ್ತು. ಅದರ ಹಿಂದೆ ನಾನು ಮೊದಲ ಗೇರಿನಲ್ಲಿ. ಮಗನಿಗೆ ತಿರುವುಗಳಲ್ಲಿ ವಾಂತಿಯಾಗುತ್ತದೆಂದು ಎ.ಸಿ. ಹಾಕಿದ್ದೆ. ತಂಪಾಗಿದ್ದ ಗಾಳಿ ಇದ್ದಕ್ಕಿದ್ದಂತೆ ಬೆಚ್ಚಗಾಯಿತು. ಏನೆಂದು ನೋಡಿದರೆ ಉಷ್ಣತೆಯ ಮುಳ್ಳು ಕೆಂಪು ಗೆರೆಯ ಮೇಲೆ! ಮರುಕ್ಷಣ ಬಾನೆಟ್ಟಿನ ಅಂಚಿನಿಂದ ಬಿಳಿ ಹಬೆ ಎದ್ದಿತು. ತಿರುವು ದಾಟಿ ಸ್ವಲ್ಪ ಅಗಲವಿದ್ದ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಆರಿಸಿದೆ. ಕೈಗಳು ನಡುಗುತ್ತಿದ್ದವು. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಮಕ್ಕಳನ್ನೂ ತಾಯಿಯನ್ನೂ ಇಳಿಸಿ ಬಂಡೆಯ ಬದಿಗೆ ನಿಲ್ಲಿಸಿದೆ.

ಬೈಕಿನಲ್ಲಿ ಬಂದ ಇಬ್ಬರು ಯುವಕರು ನಿಂತರು. ಒಳ್ಳೆಯ ಹುಡುಗರು. ಒಬ್ಬ ಬಾನೆಟ್ ಎತ್ತಿ, ಕರವಸ್ತ್ರವನ್ನು ಕೈಗೆ ಸುತ್ತಿಕೊಂಡು, “ನೀರು ಹಾಕಿದ್ರೆ ಸರಿಯಾಗ್ತದೆ ಆಂಟಿ” ಎನ್ನುತ್ತಾ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ.

ಎಪ್ಪತ್ತು ದಾಟಿದ ನನ್ನ ತಾಯಿ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. “ಬೇಡ ಮೋನೇ! ಮುಟ್ಟಬೇಡ! ಉರಿಯುವ ಒಲೆಯ ಮೇಲಿನ ಕುಕ್ಕರಿನ ಮುಚ್ಚಳವನ್ನು ಯಾರಾದರೂ ತೆಗೆಯುತ್ತಾರಾ?”

ಹುಡುಗ ಕೈ ಹಿಂದೆಗೆದ. ಆಗ ತಾಯಿ ತಮ್ಮ ಅಣ್ಣನ ಕಥೆ ಹೇಳಿದರು. ನಮ್ಮ ಮಾವ ಹರೆಯದಲ್ಲಿ ಲಾರಿಯ ಕ್ಲೀನರ್ ಆಗಿದ್ದರು. ಶಿರಾಡಿಯಲ್ಲಿ ಲಾರಿ ಕುದಿದು ನಿಂತಾಗ ಹೀಗೆಯೇ ಮುಚ್ಚಳ ತಿರುಗಿಸಿದ್ದರು. ಕುದಿನೀರು ಮುಖಕ್ಕೂ ಕೈಗೂ ಚಿಮ್ಮಿತ್ತು. ಅವರು ಕೊನೆಯವರೆಗೂ ತುಂಬುತೋಳಿನ ಅಂಗಿಯನ್ನೇ ಯಾಕೆ ತೊಡುತ್ತಿದ್ದರೆಂಬುದು ಆ ತಿರುವಿನಲ್ಲಿ ನನಗೆ ಮೊದಲ ಬಾರಿಗೆ ಗೊತ್ತಾಯಿತು.

ಕುಕ್ಕರಿನ ಹೋಲಿಕೆ ಅಕ್ಷರಶಃ ಸರಿ. ಬರಿಯ ನೀರು ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯುತ್ತದೆ. ಇಂಜಿನ್ನಿನ ನೀರಿಗೆ ಎಥಿಲೀನ್ ಗ್ಲೈಕಾಲ್ ಬೆರೆಸಿರುತ್ತಾರೆ, ಜೊತೆಗೆ ಬಿಗಿಯಾದ ಮುಚ್ಚಳ ಹಾಕಿ ಒತ್ತಡದಲ್ಲಿ ಇಟ್ಟಿರುತ್ತಾರೆ. ಹಾಗಾಗಿ ಅದು 120 ಡಿಗ್ರಿಯ ಹತ್ತಿರ ಹೋದರೂ ಕುದಿಯದೆ ಇರಬಲ್ಲದು. ಮುಚ್ಚಳ ತೆರೆದ ಕ್ಷಣವೇ ಒತ್ತಡ ಬಿಟ್ಟುಹೋಗಿ ಎಲ್ಲವೂ ಒಮ್ಮೆಲೇ ಉಕ್ಕಿ ಚಿಮ್ಮುತ್ತದೆ. ಕರವಸ್ತ್ರ ಏನನ್ನೂ ತಡೆಯದು.

ಮುಕ್ಕಾಲು ಗಂಟೆ ಕಾದೆವು. ಮಂಜು ಕಣಿವೆಯಿಂದ ಮೇಲೇರಿ ನಮ್ಮನ್ನು ಮುಚ್ಚುತ್ತಿತ್ತು, ಮತ್ತೆ ಸರಿಯುತ್ತಿತ್ತು. ಬಂಡೆಯ ಮೇಲಿನಿಂದ ಬೆಳ್ಳಿಯ ಎಳೆಯಂತೆ ನೀರು ಇಳಿಯುತ್ತಿತ್ತು. ಪ್ರತಿ ಬಾರಿಯೂ ಈ ದಾರಿಯನ್ನು ಕಿಟಕಿಯಿಂದಲೇ ನೋಡಿ ಮುಗಿಸುತ್ತಿದ್ದ ನಾವು ಆ ದಿನ ಚಾರ್ಮಾಡಿಯನ್ನು ನಿಂತು ನೋಡಿದೆವು. ಮಂಗವೊಂದು ನಮ್ಮ ಬ್ರೆಡ್ಡಿನ ಪೊಟ್ಟಣ ಎಗರಿಸಿದಾಗ ಮಗನಿಗೆ ಹೆದರಿಕೆಯೆಲ್ಲ ಮರೆತೇಹೋಯಿತು.

ಅಷ್ಟರಲ್ಲಿ ನಿಂತ ಲಾರಿ ಚಾಲಕರೊಬ್ಬರು ಎಲ್ಲವನ್ನೂ ತಾಳ್ಮೆಯಿಂದ ನೋಡಿದರು. ಮೇಲಿನ ದಪ್ಪ ಪೈಪನ್ನು ಬಟ್ಟೆ ಹಿಡಿದು ಅದುಮಿ, ಅದು ಮೆತ್ತಗಾಗಿ ತಣಿದಿದೆ ಎಂದು ಖಾತ್ರಿ ಮಾಡಿಕೊಂಡ ನಂತರವೇ ಮುಚ್ಚಳವನ್ನು ನಿಧಾನವಾಗಿ ತೆರೆದರು. ಒಳಗೆ ಹನಿ ನೀರೂ ಕಾಣಲಿಲ್ಲ. ಇಂಜಿನ್ ಚಾಲೂ ಮಾಡಿಸಿ ನೀರನ್ನು ಸ್ವಲ್ಪಸ್ವಲ್ಪವಾಗಿ ಹೊಯ್ದರು. ಕಾದ ಇಂಜಿನ್ನಿಗೆ ತಣ್ಣೀರನ್ನು ಒಮ್ಮೆಲೇ ಸುರಿದರೆ ಲೋಹ ಬಿರುಕು ಬಿಡಬಹುದಂತೆ. “ಎ.ಸಿ. ಬೇಡಮ್ಮಾ. ಹೀಟರ್ ಹಾಕಿ, ಗಾಜು ಇಳಿಸಿ ಹೋಗಿ” ಎಂದರು. ಹೀಟರೇ? ನನಗೆ ಆಶ್ಚರ್ಯ. ಹೀಟರ್ ಎಂದರೆ ಇಂಜಿನ್ನಿನ ಬಿಸಿನೀರು ಹರಿಯುವ ಇನ್ನೊಂದು ಪುಟ್ಟ ರೇಡಿಯೇಟರ್. ಅದನ್ನು ಹಾಕಿದರೆ ಇಂಜಿನ್ನಿನ ಒಂದಿಷ್ಟು ಶಾಖ ನಮ್ಮ ಕಡೆಗೆ ಬಂದು ಅದರ ಭಾರ ಇಳಿಯುತ್ತದೆ. ನಡುವೆ ಮೂರು ಬಾರಿ ನಿಂತು, ಬೆವರಿ ತೊಯ್ದು, ಅಂತೂ ಕೊಟ್ಟಿಗೆಹಾರ ತಲುಪಿದೆವು. ಆ ಚಾಲಕರು ಅಲ್ಲಿಯವರೆಗೂ ನಮ್ಮ ಹಿಂದೆಯೇ ಬಂದರು. ಚಹಾಕ್ಕೂ ನಿಲ್ಲದೆ ಹೋದರು.

ಅಕ್ಕನ ಮನೆಯವರು ಬಂದು ನಮ್ಮನ್ನು ಕರೆದೊಯ್ದರು. ಕಾರು ಕೊಟ್ಟಿಗೆಹಾರದ ಗ್ಯಾರೇಜಿನಲ್ಲೇ ಉಳಿಯಿತು. ಮರುದಿನ ಚಿಕ್ಕಮಗಳೂರಿನಿಂದ ಹೊಸ ರೇಡಿಯೇಟರ್ ಬಸ್ಸಿನಲ್ಲಿ ಬರುವುದಿತ್ತು. ಭಾವ ಹೋಗುವಾಗ ನಾನೂ ಹೊರಟೆ. “ನೀನ್ಯಾಕೆ?” ಎಂದರು ಅಕ್ಕ. ಪೂರ್ಣಚಂದ್ರ ತೇಜಸ್ವಿಯವರಂಥ ಸಾಹಿತಿಯೇ ಮೂಡಿಗೆರೆಯಲ್ಲಿದ್ದುಕೊಂಡು ಯಂತ್ರಗಳನ್ನು ಬಿಚ್ಚಿ ನೋಡುತ್ತಿದ್ದರಂತೆ, ನಾನು ನೋಡಿದರೇನು ಎಂದೆ.

ಮೆಕ್ಯಾನಿಕ್ ಐವತ್ತರ ಆಸುಪಾಸಿನವರು. ನಾನು ಕೇಳಿದ್ದಕ್ಕೆಲ್ಲ ಬೇಸರಿಸದೆ ಉತ್ತರಿಸಿದರು. ಕೆಳಗೆ ತಟ್ಟೆಯಿಟ್ಟು ಉಳಿದ ದ್ರವವನ್ನು ಇಳಿಸಿದರು. ಬೀದಿನಾಯಿಯೊಂದು ಮೂಸುತ್ತಾ ಬಂದಾಗ ಓಡಿಸಿ ತಟ್ಟೆಯನ್ನು ಮುಚ್ಚಿಟ್ಟರು. ಕೂಲೆಂಟ್ ರುಚಿಯಲ್ಲಿ ಸಿಹಿ, ಆದರೆ ವಿಷ. ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಡುತ್ತದೆ. ಸಹೋದರಿಯರೇ, ಉಳಿದ ಕೂಲೆಂಟನ್ನು ಶರಬತ್ತಿನ ಬಾಟಲಿಯಲ್ಲಿ ತುಂಬಿಸಿ ಮನೆಯಲ್ಲಿಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಬಣ್ಣವೂ ಶರಬತ್ತಿನದೇ!

ಪೈಪು, ಫ್ಯಾನು ಬಿಚ್ಚಿ ಹಳೆಯ ರೇಡಿಯೇಟರನ್ನು ಹೊರಗೆಳೆದಾಗ ನನಗೆ ನಾಚಿಕೆಯಾಯಿತು. ಅಲ್ಯುಮಿನಿಯಮ್ಮಿನ ತೆಳು ರೆಕ್ಕೆಗಳ ಸಂದಿಯೆಲ್ಲ ಕೆಸರು, ಹುಳುಗಳಿಂದ ಮುಚ್ಚಿತ್ತು. ಗಾಳಿ ಹಾಯಲು ದಾರಿಯೇ ಇರಲಿಲ್ಲ. ಒಳಗಿನ ಕೊಳವೆಗಳಲ್ಲಿ ಬಿಸಿನೀರಿನ ಹಂಡೆಯೊಳಗಿನಂತೆ ಕಂದು ಬಣ್ಣದ ಗಟ್ಟಿ ಪದರ. “ಬಾವಿನೀರು ಹಾಕಿದ್ದೀರಿ ಅಲ್ವಾ?” ಎಂದು ಕೇಳಿದರು. ಹೌದು, ವರ್ಷಗಟ್ಟಲೆ. ಮೇಲಿನ ಪ್ಲಾಸ್ಟಿಕ್ ಟ್ಯಾಂಕು ಕಾದು ಕಾದು ಹಪ್ಪಳದಂತಾಗಿ ಕೂದಲೆಳೆಯಷ್ಟು ಸೀಳಿತ್ತು. ತಣ್ಣಗಿದ್ದಾಗ ಸೋರದು, ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಸೋರುತ್ತದೆ. ನಮ್ಮೂರಿನ ಗ್ಯಾರೇಜಿನಲ್ಲಿ ಅದು ಕಾಣದಿದ್ದುದು ಇದಕ್ಕೇ ಇರಬಹುದು.

“ಅಂಟು ಹಾಕಿದರೆ ಆಗದೇ?” ಎಂದು ಭಾವ ಕೇಳಿದರು. ಹಿಂದಿನ ತಾಮ್ರ-ಹಿತ್ತಾಳೆಯ ರೇಡಿಯೇಟರುಗಳನ್ನು ಬೆಸುಗೆ ಹಾಕಿ ವರ್ಷಗಟ್ಟಲೆ ಓಡಿಸುತ್ತಿದ್ದರಂತೆ. ಪ್ಲಾಸ್ಟಿಕ್ಕಿಗೆ ಹಾಕಿದ ಅಂಟು ನಂಬಿಕೆಗೆ ತಕ್ಕದ್ದಲ್ಲ, ಅದೂ ಮಕ್ಕಳನ್ನು ಕೂರಿಸಿಕೊಂಡು ಘಾಟಿಯಲ್ಲಿ ಓಡಾಡುವವರಿಗೆ.

ನನ್ನ ಎದೆ ಡವಗುಟ್ಟಿದ್ದು ಅವರು ಆಯಿಲ್ಲಿನ ಕಡ್ಡಿ ಎಳೆದಾಗ. ಮುಳ್ಳು ಕೆಂಪಿನಲ್ಲಿದ್ದಾಗಲೂ ಓಡಿಸುತ್ತಲೇ ಹೋದರೆ ಇಂಜಿನ್ನಿನ ಹೆಡ್ ಬಾಗಿ, ಗ್ಯಾಸ್ಕೆಟ್ ಹೋಗಿ, ನೀರು ಆಯಿಲ್ಲಿಗೆ ಸೇರುತ್ತದೆ. ಆಗ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಖರ್ಚು ರೇಡಿಯೇಟರಿನ ಎಷ್ಟೋ ಪಟ್ಟು. ಅಲ್‌ಹಮ್ದುಲಿಲ್ಲಾಹ್, ಕಡ್ಡಿಯ ಮೇಲಿನ ಆಯಿಲ್ ಕಪ್ಪಾಗಿಯೇ ಇತ್ತು.

ಉಬ್ಬಿದ್ದ ಒಂದು ಪೈಪು, ಮುಚ್ಚಳ ಮತ್ತು ಥರ್ಮೋಸ್ಟಾಟ್ ಕೂಡ ಬದಲಾದವು. ಥರ್ಮೋಸ್ಟಾಟ್ ಎಂದರೆ ಪುಟ್ಟ ಬಾಗಿಲು. ಇಂಜಿನ್ ಬಿಸಿಯಾದ ಮೇಲಷ್ಟೇ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಅದು ಮುಚ್ಚಿದಲ್ಲೇ ಸಿಕ್ಕಿಕೊಂಡರೆ ಹೊಸ ರೇಡಿಯೇಟರೂ ವ್ಯರ್ಥ. ಕೊನೆಗೆ ಕೂಲೆಂಟ್ ತುಂಬಿಸಿ, ಹೀಟರ್ ಹಾಕಿ, ಒಳಗಿನ ಗಾಳಿಯೆಲ್ಲ ಗುಳ್ಳೆಗಳಾಗಿ ಹೊರಬರುವವರೆಗೂ, ಫ್ಯಾನು ಎರಡು ಬಾರಿ ತಾನಾಗಿ ತಿರುಗಿ ನಿಲ್ಲುವವರೆಗೂ ಇಂಜಿನ್ನನ್ನು ಓಡಿಸಿದರು. ಮೂರು ಗಂಟೆಯ ಕೆಲಸ. ಎಲ್ಲ ಸೇರಿ 7,200 ರೂಪಾಯಿ.

ರಾತ್ರಿ ದಮ್ಮಾಮಿನಿಂದ ಫೋನು ಬಂತು. “ಮುಳ್ಳು ನೋಡಲಿಲ್ಲವೇ?” ಎಂಬುದು ಪತಿಯ ಮೊದಲ ಪ್ರಶ್ನೆ. “ರಜೆಯಲ್ಲಿ ಬಂದಾಗಲೆಲ್ಲ ಬಾವಿನೀರು ತುಂಬಿಸಿದವರು ಯಾರು?” ಎಂದು ಕೇಳಿದೆ. ಆಚೆಯಿಂದ ಸದ್ದಿಲ್ಲ. ಸಿಗ್ನಲ್ ಹೋಯಿತೆಂದು ಆಮೇಲೆ ಹೇಳಿದರು.

ನಾಲ್ಕು ದಿನ ಕಳೆದು ಘಾಟಿ ಇಳಿದೆವು. ತಾಯಿ ಮುಂದಿನ ಸೀಟಿನಲ್ಲಿ ಕುಳಿತು ಕಣಿವೆಯನ್ನು ನೋಡುವುದು ಬಿಟ್ಟು ಮುಳ್ಳನ್ನೇ ನೋಡುತ್ತಿದ್ದರು. ಅದು ನಡುವಿನಲ್ಲಿ ಅಲುಗದೆ ನಿಂತಿತ್ತು. ನಾವು ನಿಂತಿದ್ದ ತಿರುವು ಬಂದಾಗ, “ಇಲ್ಲೇ ಅಲ್ವಾ?” ಎಂದರು. ಕಕ್ಕಿಂಜೆಯಲ್ಲಿ ಮತ್ತೆ ಚಹಾಕ್ಕೆ ನಿಂತೆವು. ನಾನು ಹೇಳುವ ಮೊದಲೇ ಮಗಳು ಇಳಿದು, ಮೊಣಕಾಲೂರಿ ಕಾರಿನಡಿ ಬಗ್ಗಿದಳು. ತೊಟ್ಟಿಕ್ಕುತ್ತಿದ್ದ ಹನಿಯೊಂದನ್ನು ಬೆರಳಿನಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿ, “ಬಣ್ಣ ಇಲ್ಲ ಉಮ್ಮಾ, ಇದು ಎ.ಸಿ.ಯ ನೀರೇ” ಎಂದಳು.