ಕೌಡೂರಿನ ಹೆಗ್ಡೆಯವರು ರಾಜೀನಾಮೆ ಕೊಟ್ಟ ವರ್ಷ

1973ರಲ್ಲಿ ನಮ್ಮ ಕಾರ್ಕಳದ ಹೋಟೆಲಿನಲ್ಲಿ ಚಹಾಕ್ಕೆ 20 ಪೈಸೆ, ಗೋಳಿಬಜೆಗೆ 25. ಪೇಪರು ಮಾತ್ರ ಧರ್ಮಕ್ಕೆ. ಕಾದ ತೆಂಗಿನೆಣ್ಣೆಯ ವಾಸನೆಯ ನಡುವೆ ಒಬ್ಬರು ಗಟ್ಟಿಯಾಗಿ ಓದಿದರೆ ಉಳಿದವರು ಕೇಳುತ್ತಿದ್ದರು. ಮೇ ತಿಂಗಳ ಶುರುವಿನಲ್ಲಿ ಎರಡೆರಡು ಸಲ ಓದಿಸಿಕೊಂಡ ಸುದ್ದಿ: ನಮ್ಮ ಕೌಡೂರಿನ ಕೆ.ಎಸ್. ಹೆಗ್ಡೆಯವರು ಸುಪ್ರೀಂ ಕೋರ್ಟು ಬಿಟ್ಟರು.

ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಬಂದಿತ್ತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದ ಏಳು ನ್ಯಾಯಮೂರ್ತಿಗಳಲ್ಲಿ ಹೆಗ್ಡೆಯವರೂ ಒಬ್ಬರು. ಉಳಿದ ಆರು ಮಂದಿ ಒಪ್ಪಲಿಲ್ಲ. ಮರುದಿನವೇ ಸರಕಾರ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ಬದಿಗಿಟ್ಟು ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು.

ನಮ್ಮದು ಗೇಣಿ ಒಕ್ಕಲಿನ ಮನೆ. ಪತ್ತಾಯ ಬರಿದು ಮಾಡಿ, ಕಳಸಿಗೆಯಲ್ಲಿ ಅಳೆದು, ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಧಣಿಗಳ ಚಾವಡಿಗೆ ಹೊರುತ್ತಿದ್ದೆವು. ಆ ರಾತ್ರಿ ಅಪ್ಪ ಕೇಳಿದರು, "ಅಲ್ಲ ಮಗಾ, ಈ ಹೆಗ್ಡೆಯವರು ಧಣಿಗಳ ಪರವೋ, ನಮ್ಮ ಪರವೋ?" ಕೇಳಬೇಕಾದ ಪ್ರಶ್ನೆಯೇ. ಕೇಸು ಹುಟ್ಟಿದ್ದು ಎಡನೀರು ಮಠದ ಜಮೀನಿಗೆ ತಟ್ಟಿದ ಕೇರಳದ ಭೂಸುಧಾರಣೆಯಿಂದ. ಚಿಮಿಣಿ ದೀಪದ ಎಣ್ಣೆ ತೀರುವವರೆಗೂ ನಾನು ವಿವರಿಸಿದೆ. ಹದಿನೆಂಟರ ಹುರುಪು, ಎಲ್ಲವೂ ಆ ರಾತ್ರಿಯೇ ಮುಗಿಯಬೇಕು! ಅಪ್ಪನಿಗೆ ಸಮಾಧಾನವಾದದ್ದು ಆಮೇಲೆ. ತೀರ್ಪಿನಿಂದ ಭೂಸುಧಾರಣೆ ನಿಲ್ಲಲಿಲ್ಲ. 1974ರಲ್ಲಿ ನಮ್ಮ ರಾಜ್ಯದ ಕಾನೂನೂ ಬಂತು, ಅಪ್ಪ ಡಿಕ್ಲರೇಶನ್ ಕೊಟ್ಟರು.

1977ರ ಚುನಾವಣೆಯ ಫಲಿತಾಂಶಕ್ಕೆ ಊರಿಡೀ ರೇಡಿಯೋದ ಮುಂದೆ. ರಾಜ್ಯದ 28ರಲ್ಲಿ 26 ಕಾಂಗ್ರೆಸ್ಸಿಗೆ ಹೋದರೂ ಬೆಂಗಳೂರು ದಕ್ಷಿಣದಲ್ಲಿ ಹೆಗ್ಡೆಯವರು ಗೆದ್ದರು, ಅದೂ ಕೆಂಗಲ್ ಹನುಮಂತಯ್ಯನವರ ಎದುರು. ಜುಲೈಯಲ್ಲಿ ಲೋಕಸಭೆಯ ಸ್ಪೀಕರ್ ಆದರು. ತುರ್ತುಪರಿಸ್ಥಿತಿಯಲ್ಲಿ ಕೋರ್ಟುಗಳಿಂದ ಕಿತ್ತುಕೊಂಡಿದ್ದ ಅಧಿಕಾರವನ್ನು ಮರಳಿ ಕೊಟ್ಟ 43 ಮತ್ತು 44ನೇ ತಿದ್ದುಪಡಿಗಳು ಸಭೆ ದಾಟಿದ್ದು ಅವರ ಕಾಲದಲ್ಲೇ. ಮಸೂದೆ ತಂದವರು ಕಾನೂನು ಮಂತ್ರಿ ಶಾಂತಿಭೂಷಣ್, ಸಭೆ ನಡೆಸಿದವರು ಹೆಗ್ಡೆ.

ನಾನು ಬಳಪ ಸವೆಸಿದ್ದು ಇಗರ್ಜಿಯ ಶಾಲೆಯಲ್ಲಿ. ಆಸ್ತಿಯ ಹಕ್ಕು ಮೂಲಭೂತ ಹಕ್ಕಲ್ಲವಂತೆ ಎಂದು ಕೇಳಿದಾಗ ಶಾಲೆಯ ಜಾಗ ಹೋದೀತೆಂದು ಅಲ್ಲಿನ ಪಾದ್ರಿಗಳಿಗೆ ದಿಗಿಲು. ಅದೇ 44ನೇ ತಿದ್ದುಪಡಿ 30ನೇ ವಿಧಿಗೆ ಒಂದು ಉಪವಿಧಿ ಸೇರಿಸಿತ್ತು: ಅಲ್ಪಸಂಖ್ಯಾತರ ವಿದ್ಯಾಸಂಸ್ಥೆಯ ಆಸ್ತಿಯನ್ನು ಸರಕಾರ ವಶಪಡಿಸಿಕೊಂಡರೆ, ಅವರ ಹಕ್ಕಿಗೆ ಕುಂದು ಬರುವಂಥ ಕಡಿಮೆ ಪರಿಹಾರ ಕೊಡುವಂತಿಲ್ಲ. ಪಾದ್ರಿಗಳು ಆ ಸಾಲುಗಳನ್ನು ನನ್ನ ಕೈಯಲ್ಲೇ ಬರೆಸಿಕೊಂಡು ಮೇಜಿನ ಗಾಜಿನಡಿ ಇಟ್ಟುಕೊಂಡರು.

ಹೆಗ್ಡೆಯವರು 1990ರಲ್ಲಿ ತೀರಿಕೊಂಡರು. ಅವರು ನಿಟ್ಟೆಯಲ್ಲಿ ಶಿಕ್ಷಣ ಟ್ರಸ್ಟ್ ಕಟ್ಟಿದಾಗ ಅದು ಹಳ್ಳಿ, ಈಗ ಕಾಲೇಜುಗಳ ಊರು. ನಮ್ಮ ಮುಡಿ, ಕಳಸಿಗೆಗಳು ಅಟ್ಟ ಸೇರಿವೆ, ಸೇರಲಿ. 1977ರಲ್ಲಿ ಹಿರಿಯ ನ್ಯಾಯಮೂರ್ತಿ ಖನ್ನಾ ಅವರನ್ನೂ ಹಾಗೆಯೇ ಬದಿಗಿಟ್ಟ ಮೇಲೆ ಮುಖ್ಯ ನ್ಯಾಯಮೂರ್ತಿಯ ನೇಮಕದಲ್ಲಿ ಹಿರಿತನವನ್ನು ಯಾವ ಸರಕಾರವೂ ಮುರಿದಿಲ್ಲ.

ಕಾನೂನು ಓದುವ ಮೊಮ್ಮಗಳಿಗೆ ಕೇಶವಾನಂದ ಪ್ರಕರಣ ಪರೀಕ್ಷೆಯ ಪಾಠ. ತೀರ್ಪು ಬರೆದವರು ಕಳೆದುಕೊಂಡದ್ದೇನು ಎಂಬುದು ಅದರಲ್ಲಿಲ್ಲವಂತೆ. ಲೆಕ್ಕ ನಾನೇ ಹೇಳಿದೆ: ಶೆಲತ್ ಜುಲೈಯಲ್ಲಿ ನಿವೃತ್ತರಾಗುತ್ತಿದ್ದರು, ಆಮೇಲೆ 1974ರ ಜೂನ್‌ವರೆಗೆ, ಹೆಚ್ಚುಕಡಿಮೆ ಒಂದು ವರ್ಷ, ಹೆಗ್ಡೆಯವರೇ ಮುಖ್ಯ ನ್ಯಾಯಮೂರ್ತಿ ಆಗಿರುತ್ತಿದ್ದರು.